ನೀಲಿ ಅಂಗಿ, ಕಿತ್ತಳೆ ಅಂಗಿ: ಗೋವಾದಲ್ಲಿ ಒಂದು ಸೆಮಿಫೈನಲ್

ಶುಕ್ರವಾರ

ಏಪ್ರಿಲ್ 2, 2025ರ ಬುಧವಾರ ರಾತ್ರಿ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ 2-0 ಗೆದ್ದಿತು. ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್ ಸೆಮಿಫೈನಲ್‌ನ ಮೊದಲ ಲೆಗ್, ಎದುರಾಳಿ ಎಫ್‌ಸಿ ಗೋವಾ. ಎರಡು ಲೆಗ್, ಅಂದರೆ ಎರಡು ಮ್ಯಾಚಿನ ಗೋಲು ಸೇರಿಸಿ ಹೆಚ್ಚು ಹೊಡೆದವರು ಫೈನಲ್‌ಗೆ. ಎರಡನೇ ಲೆಗ್ ಭಾನುವಾರ ಮಡಗಾಂವ್‌ನ ಫತೋರ್ಡಾ ಸ್ಟೇಡಿಯಂನಲ್ಲಿ. ಎರಡು ಗೋಲಿನ ಲೀಡ್ ಇಟ್ಟುಕೊಂಡು ಫತೋರ್ಡಾಕ್ಕೆ ಹೋಗುವ ಯೋಗ ಬಂದಿರುವಾಗ ಟೀವಿ ಮುಂದೆ ಕೂರಲು ಯಾರಿಗೂ ಮನಸ್ಸಾಗಲಿಲ್ಲ. ಯಶವಂತಪುರದಿಂದ ಮಧ್ಯಾಹ್ನ ಹೊರಡುವ ವಾಸ್ಕೋ ರೈಲು ಹತ್ತಿದೆವು.

ನಮ್ಮ ಗುಂಪಿನವರೆಲ್ಲ ಪರಿಚಯವಾಗಿದ್ದು ಕಂಠೀರವದ ವೆಸ್ಟ್ ಬ್ಲಾಕ್ ಸ್ಟ್ಯಾಂಡಿನಲ್ಲಿ. ಆಸ್ಟಿನ್ ಟೌನ್‌ನ ಅಂಕಲ್ ಒಬ್ಬರು, ರಿಟೈರ್ ಆಗಿದ್ದಾರೆ. ಚಿಕ್ಕಂದಿನಲ್ಲಿ ಬರಿಗಾಲಲ್ಲಿ ಆಡಿ ಬೆಳೆದವರು. ಮಲ್ಲೇಶ್ವರದ ಗೆಳತಿ, ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಹುಬ್ಬಳ್ಳಿಯಲ್ಲಿ ಇನ್ನೊಬ್ಬ ಗೆಳೆಯ ಹತ್ತುವವನಿದ್ದ. ವಾಸ್ಕೋದಲ್ಲಿ ಉಳಿದುಕೊಳ್ಳುವುದು ಅವನ ಕಾಕಾನ ಮನೆಯಲ್ಲಿ ಅಂತ ಮೊದಲೇ ಮಾತಾಗಿತ್ತು.

ತುಮಕೂರಿನಲ್ಲಿ ಹತ್ತಿದ ಒಬ್ಬರು ಅಮ್ಮ ನಮ್ಮ ನೀಲಿ ಅಂಗಿಗಳನ್ನು ನೋಡಿ, "ಎಲ್ಲರದ್ದೂ ಒಂದೇ ಬಣ್ಣ, ಯಾವ ಕಂಪನಿನಪ್ಪಾ?" ಅಂತ ಕೇಳಿದರು. "ಫುಟ್‌ಬಾಲ್ ಅಮ್ಮ" ಅಂದಳು ಗೆಳತಿ. "ಸಂಬಳ ಎಷ್ಟು ಕೊಡ್ತಾರೆ?" "ಅವರು ಕೊಡಲ್ಲ, ಟಿಕೆಟಿಗೆ ನಾವೇ ಕೊಡೋದು." ಅಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿ ಡಬ್ಬಿ ತೆಗೆದರು. "ಹಾಗಾದ್ರೆ ಚಕ್ಕುಲಿ ತಗೊಳ್ಳಿ." ಅರಸೀಕೆರೆ ದಾಟುವ ಹೊತ್ತಿಗೆ ಅವರಿಗೆ ಆಫ್‌ಸೈಡ್ ಅಂದರೆ ಏನು ಅಂತ ಗೊತ್ತಾಗಿತ್ತು. ಅಂಕಲ್ ನೀರಿನ ಬಾಟಲಿ ಮತ್ತು ಚಕ್ಕುಲಿ ಇಟ್ಟು ವಿವರಿಸಿದ್ದರು. ಡಿಫೆಂಡರ್‌ಗಳು ಮಾತ್ರ ಕರಗುತ್ತಾ ಹೋದರು.

ಅಂಕಲ್ ಬಾಯಿ ತೆಗೆದರೆ ಇತಿಹಾಸ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದಿದ್ದು, ಮರುವರ್ಷ ಮತ್ತೆ ಗೆದ್ದಿದ್ದು, 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ತಂದಿದ್ದು. "ಬೆಂಗಳೂರಿನ ಫುಟ್‌ಬಾಲ್ 2013ರಲ್ಲಿ ಕ್ಲಬ್ ಹುಟ್ಟಿದಾಗ ಶುರುವಾಗಿದ್ದಲ್ಲ" ಅನ್ನುವುದು ಅವರ ಯಾವತ್ತಿನ ಮಾತು. ನನಗೂ ಅದು ಸರಿ ಅನಿಸುತ್ತದೆ. ಹಲಸೂರು, ಗೌತಮಪುರ, ಮರ್ಫಿ ಟೌನ್‌ನ ಗಲ್ಲಿಗಳಲ್ಲಿ ಮೂರು ತಲೆಮಾರು ಆಡಿದ ಆಟ ಇದು. ಅದನ್ನು ನೆನೆಸಿಕೊಳ್ಳುವವರು ಪಕ್ಕದಲ್ಲಿದ್ದರೆ ಮ್ಯಾಚು ನೋಡುವ ಕಣ್ಣೇ ಬೇರೆಯಾಗುತ್ತದೆ.

ಹುಬ್ಬಳ್ಳಿಯಲ್ಲಿ ಗೆಳೆಯ ಗಿರ್ಮಿಟ್ ಪೊಟ್ಟಣಗಳ ಜೊತೆ ಹತ್ತಿದ. ಮಿರ್ಚಿ ಇನ್ನೂ ಬಿಸಿಯಿತ್ತು. ಕ್ಯಾಸಲ್‌ರಾಕ್‌ನಲ್ಲಿ ರೈಲಿಗೆ ಹೆಚ್ಚಿನ ಎಂಜಿನ್ ಕಟ್ಟುವಾಗ ಆದ ಅಲುಗಾಟಕ್ಕೆ ಎಲ್ಲರಿಗೂ ಎಚ್ಚರವಾಯಿತು. ಅಲ್ಲಿಂದ ಕುಳೆವರೆಗೆ 37 ಅಡಿಗೆ ಒಂದು ಅಡಿ ಇಳಿಜಾರು. ಬ್ರೇಕಿಗೆ ಬಲ ಬೇಕು. 310 ಮೀಟರ್ ಎತ್ತರದ ದೂಧ್‌ಸಾಗರ ಕತ್ತಲಲ್ಲಿ ಎಲ್ಲೋ ಹೋಯಿತು. ಏಪ್ರಿಲ್‌ನಲ್ಲಿ ನೀರೂ ಕಡಿಮೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಗೆಳತಿ ಅರೆನಿದ್ದೆಯಲ್ಲಿ, "ಡಿಫೆನ್ಸ್ ಮಾಡ್ತಾ ಕೂತ್ರೆ ಸೋಲ್ತೀವಿ" ಅಂದು ಮತ್ತೆ ಮಲಗಿದಳು.

ಶನಿವಾರ

ವಾಸ್ಕೋದಲ್ಲಿ ಇಳಿದಾಗ ಬೆಳಗಾಗುತ್ತಿತ್ತು. ಕಾಕಾನ ಮನೆ ಓಣಿಯಲ್ಲಿ ಪೊದೇರ್ ಆಗಲೇ ಸೈಕಲ್ ಹಾರ್ನ್ ಒತ್ತುತ್ತಾ ಬಂದಿದ್ದ. ಬುಟ್ಟಿಯಲ್ಲಿ ಬಿಸಿ ಪಾವ್. ಕಾಕು ಅದನ್ನು ಎಣ್ಣೆಗಾಯಿ ಬದನೆಕಾಯಿ ಪಲ್ಯದ ಜೊತೆ ಬಡಿಸಿದರು. ರೊಟ್ಟಿ ಬೇಕಂದರೆ ರೊಟ್ಟಿಯೂ ಇತ್ತು. ಹೊರಗೆ ಗರಿಗರಿ, ಒಳಗೆ ಮೆತ್ತಗಿನ ಆ ಪಾವಿಗೆ ಎಣ್ಣೆಗಾಯಿಯ ಗುರೆಳ್ಳು, ಶೇಂಗಾ ಪುಡಿಯ ಎಣ್ಣೆ ಇಳಿದಾಗ ಬರುವ ರುಚಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಲವತ್ತು ವರ್ಷದ ಸಂಸಾರ ಕಂಡುಕೊಂಡ ಅಡುಗೆ ಅದು.

ಕಾಕಾ ರೋಣದ ಕಡೆಯವರು. ಎಂಬತ್ತರ ದಶಕದಲ್ಲಿ ಮುರಗಾಂವ್ ಬಂದರಿಗೆ ಕೂಲಿಗೆ ಬಂದರು. ಈಗ ಸ್ಕೂಟರ್ ರಿಪೇರಿ ಗ್ಯಾರೇಜ್ ಇದೆ. ಮಗಳು ಇಲ್ಲೇ ಹುಟ್ಟಿದವಳು, ಡಿಗ್ರಿ ಮೊದಲ ವರ್ಷ. ಅವಳು ಕೋಣೆಯಿಂದ ಹೊರಗೆ ಬಂದಿದ್ದೇ ಕಿತ್ತಳೆ ಬಣ್ಣದ ಗೋವಾ ಜೆರ್ಸಿ ಹಾಕಿಕೊಂಡು. ನಮ್ಮ ನಾಲ್ಕೂ ನೀಲಿ ಅಂಗಿಗಳನ್ನು ಒಂದು ಸಲ ನೋಡಿದಳು.

"ಎರಡು ಗೋಲಂತ ಭಾಳ ಮೆರೀಬ್ಯಾಡ್ರಿ. ಒಂದು ನಮ್ಮವ್ರ ಕೊಟ್ಟಿದ್ದು."

ಅದು ನಿಜ. ಬುಧವಾರದ ಮೊದಲ ಗೋಲು ಗೋವಾದ ಡಿಫೆಂಡರ್ ಸಂದೇಶ್ ಜಿಂಗನ್ ತಮ್ಮದೇ ಬಲೆಗೆ ಹಾಕಿಕೊಂಡ ಓನ್ ಗೋಲ್. ಹುಬ್ಬಳ್ಳಿ ಗೆಳೆಯ ಬಿಡಲಿಲ್ಲ. "ಜಿಂಗನ್ ಮೊದ್ಲ ನಮ್ಮ ಕಡೆ ಆಡಿದಾವ. ಋಣ ಇತ್ತು, ತೀರಿಸ್ದ."

"ಋಣದ ಮಾತು ಆಡ್ತಿ? 2019ರ ಫೈನಲ್‌ದಾಗ ಕೊಟ್ಟಿದ್ದು ಸಾಲಲಿಲ್ಲೇನು ನಿಮಗ?"

ಆ ಫೈನಲ್ ನಮಗೆಲ್ಲ ಬಾಯಿಪಾಠ. ಮುಂಬೈನ ಅಂಧೇರಿ, ಮಾರ್ಚ್ 17. ಗೋಲೇ ಇಲ್ಲದೆ ಎಕ್ಸ್‌ಟ್ರಾ ಟೈಮ್. ಗೋವಾದ ಅಹಮದ್ ಜಾಹೂಗೆ ಕೆಂಪು ಕಾರ್ಡು. 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಕಾರ್ನರ್, ರಾಹುಲ್ ಭೆಕೆ ಹೆಡರ್. ನಮಗೆ ಮೊದಲ ಐಎಸ್‌ಎಲ್ ಕಪ್. ಅವಳಾಗ ಏಳನೇ ಕ್ಲಾಸು. "ಮರುದಿನ ಗಣಿತ ಪರೀಕ್ಷೆ ಇತ್ತು. ಭೆಕೆನ ನೆನಸ್ಕೊಂಡು ಅತ್ತಿದ್ದಕ್ಕ ನಲವತ್ತೆರಡು ಬಂತು" ಅಂದಳು. ಕಾಕು ಒಳಗಿಂದಲೇ, "ಭೆಕೆ ಇಲ್ಲದಾಗೂ ನಲವತ್ತರ ಮ್ಯಾಲೆ ಬಂದಿದ್ದು ನಾ ನೋಡಿಲ್ಲ" ಅಂದರು. ತಿಂಡಿ ಮುಗಿಯುವ ಮುಂಚೆಯೇ ನಾವು ಮನೆಯವರಾಗಿಬಿಟ್ಟಿದ್ದೆವು.

ಹತ್ತು ಗಂಟೆಗೆ ಕಾಕಾ ತಿಲಕ್ ಮೈದಾನ ತೋರಿಸಲು ಕರೆದುಕೊಂಡು ಹೋದರು. ಊರ ನಡುವೆಯೇ ಇರುವ ಸ್ಟೇಡಿಯಂ. ಗೇಟಿನ ಮುಂದೆ ನಿಂತು ಅವರು ಹೇಳಿದ್ದೆಲ್ಲ ಸಾಲ್ಗಾಂವ್ಕರ್ ತಂಡದ ಬಗ್ಗೆ. ವಾಸ್ಕೋದಲ್ಲಿ 1956ರಲ್ಲಿ ಹುಟ್ಟಿದ ಕ್ಲಬ್. 1998-99ರಲ್ಲಿ ನ್ಯಾಷನಲ್ ಲೀಗ್ ಗೆದ್ದಾಗ ಗೋವಾಕ್ಕೆ ಅದೇ ಮೊದಲ ಲೀಗ್ ಪ್ರಶಸ್ತಿ. ಆಮೇಲೆ ಡೆಂಪೊ ಬಂತು. ಅರ್ಮಾಂಡೊ ಕೊಲಾಸೊ ಕೋಚ್ ಆಗಿದ್ದಾಗ ಐದು ಸಲ ದೇಶದ ಚಾಂಪಿಯನ್. ಚರ್ಚಿಲ್ ಬ್ರದರ್ಸ್ ಎರಡು ಸಲ. ಇಷ್ಟು ಚಿಕ್ಕ ರಾಜ್ಯ ವರ್ಷಗಟ್ಟಲೆ ದೇಶದ ಫುಟ್‌ಬಾಲನ್ನು ಆಳಿತು. 2016ರಲ್ಲಿ ಸಾಲ್ಗಾಂವ್ಕರ್, ಡೆಂಪೊ, ಸ್ಪೋರ್ಟಿಂಗ್, ಮೂರೂ ಗೋವಾ ತಂಡಗಳು ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್‌ನಿಂದ ಹೊರಗೆ ಬಂದವು. ಐಎಸ್‌ಎಲ್ ದೊಡ್ಡದಾದ ಮೇಲೆ ತಮಗೆ ಜಾಗ ಉಳಿಯುವುದಿಲ್ಲ ಅನ್ನುವುದು ಆ ತಂಡಗಳ ಬೇಸರವಾಗಿತ್ತು.

"ಬಂದರದಾಗ ಪಾಳಿ ಮುಗಿಸಿ ಸೀದಾ ಇಲ್ಲಿ ಬರ್ತಿದ್ವಿ" ಅಂದರು ಕಾಕಾ. "ಮೈತುಂಬ ಕೆಂಪು ಅದಿರಿನ ಧೂಳು. ಪಕ್ಕದಾಗ ಕೂತವ್ರು ಸರಕೊಂಡು ಜಾಗ ಕೊಡ್ತಿದ್ರು. ಗೋಲಾತಂದ್ರ ಅವ್ರ ಬಿಳಿ ಅಂಗೀನೂ ಕೆಂಪು. ಯಾರೂ ಏನೂ ಅಂತಿರ್ಲಿಲ್ಲ."

ಕೊರೋನಾ ಸಮಯದಲ್ಲಿ 2020-21ರ ಐಎಸ್‌ಎಲ್ ಪೂರ್ತಿ ಗೋವಾದಲ್ಲೇ ನಡೆಯಿತು. ಫತೋರ್ಡಾ, ಬಾಂಬೋಳಿ, ಇದೇ ತಿಲಕ್ ಮೈದಾನ. ಪ್ರೇಕ್ಷಕರಿಗೆ ಪ್ರವೇಶ ಇರಲಿಲ್ಲ. ಕಾಕಾ ಸಂಜೆ ಗ್ಯಾರೇಜ್ ಮುಚ್ಚಿ ಗೋಡೆ ಹೊರಗೆ ಸ್ಕೂಟರ್ ನಿಲ್ಲಿಸಿ ಕೂರುತ್ತಿದ್ದರಂತೆ. ರೆಫ್ರಿ ಸೀಟಿ, ಆಟಗಾರರು ಕೂಗುವುದು, ಚೆಂಡಿಗೆ ಕಾಲು ತಾಗುವ ಸದ್ದು. ಫೋನಿನಲ್ಲಿ ಮ್ಯಾಚು ಅರ್ಧ ನಿಮಿಷ ತಡವಾಗಿ ಬರುತ್ತಿತ್ತು. "ಗೋಡಿ ಆಚೆ ಗೋಲಾಗಿರ್ತಿತ್ತು, ಫೋನಿನ್ಯಾಗ ಇನ್ನಾ ಥ್ರೋ ಹೊಡೀತಿರ್ತಿದ್ರು." ನಾಲ್ಕು ಜನ ಹೀಗೆ ಗೋಡೆಗೆ ಒರಗಿ ಕೂತು ಫೋನಿಗಿಂತ ಮೊದಲೇ ಗೋಲು ಹೇಳುವ ಪಂದ್ಯ ಕಟ್ಟುತ್ತಿದ್ದರು. ಗೆದ್ದವರಿಗೆ ಚಹಾ.

ಸಂಜೆ ಪಕ್ಕದ ಮನೆಯ ಗೋವಾದ ಅಜ್ಜ ಬಂದರು. ಕೊಂಕಣಿ, ಹಿಂದಿ, ಜೊತೆಗೆ ಕಾಕಾನ ಸಹವಾಸದಿಂದ ಬಂದ ಒಂದಿಷ್ಟು ಕನ್ನಡ. ಕೈಯಲ್ಲಿ ಉರ್ರಾಕ್ ಬಾಟಲಿ. ಗೇರುಹಣ್ಣಿನ ಕಾಲ ಇದು, ಮೊದಲ ಬಟ್ಟಿಯ ಉರ್ರಾಕ್ ಈಗ ಮಾತ್ರ ಸಿಗುತ್ತದೆ. ಲಿಮ್ಕಾ, ನಿಂಬೆ, ಸೀಳಿದ ಹಸಿಮೆಣಸಿನಕಾಯಿ ಹಾಕಿ ಕೊಟ್ಟರು. ಅಂಕಲ್‌ಗೂ ಅವರಿಗೂ ಐದೇ ನಿಮಿಷದಲ್ಲಿ ಸ್ನೇಹವಾಯಿತು. ಒಬ್ಬರು ರೋವರ್ಸ್ ಕಪ್ ಅಂದರೆ ಇನ್ನೊಬ್ಬರು ಗೋಲ್‌ಕೀಪರ್ ಬ್ರಹ್ಮಾನಂದ ಸಂಖ್ವಾಳ್ಕರ್ ಅನ್ನುವುದು. ಗೋವಾಕ್ಕೆ ಫುಟ್‌ಬಾಲ್ ಬಂದಿದ್ದು 1883ರಲ್ಲಿ, ಸಿಯೋಲಿಂ ಊರಿಗೆ ವಿಲಿಯಂ ರಾಬರ್ಟ್ ಲಯನ್ಸ್ ಅನ್ನುವ ಪಾದ್ರಿ ತಂದರು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಅಜ್ಜ ಅದನ್ನು ತಮ್ಮ ಕಣ್ಣೆದುರೇ ನಡೆದಿದ್ದು ಅನ್ನುವ ಹಾಗೆ ಹೇಳಿದರು. ಪಾದ್ರಿಗಳ ಶಾಲೆ, ಚರ್ಚಿನ ಎದುರಿನ ಮೈದಾನ, ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಊರೂರಿನ ಟೂರ್ನಮೆಂಟು. ಅದಕ್ಕೇ ಈ ಆಟ ಇಲ್ಲಿ ಮನೆಮಾತು.

ಅಜ್ಜನಿಗೆ ಫುಟ್‌ಬಾಲ್ ಬಿಟ್ಟರೆ ತಿಯಾತ್ರ್. ಕೊಂಕಣಿಯ ಈ ನಾಟಕ 1892ರ ಏಪ್ರಿಲ್ 17ರಂದು ಮುಂಬೈನಲ್ಲಿ ಮೊದಲು ಆಡಿದ್ದು. ಕತೆ ಒಂದು ಕಡೆ ನಡೆಯುತ್ತಿರುತ್ತದೆ. ದೃಶ್ಯ ದೃಶ್ಯದ ನಡುವೆ ಕತೆಗೆ ಸಂಬಂಧವೇ ಇಲ್ಲದ ಹಾಡುಗಾರರು ಬಂದು 'ಕಾಂತಾರಾಂ' ಹಾಡಿ ಹೋಗುತ್ತಾರೆ. ಮಂತ್ರಿ, ರಸ್ತೆ ಗುಂಡಿ, ಮೀನಿನ ರೇಟು, ಎಲ್ಲವೂ ಬರುತ್ತದೆ. ಆಮೇಲೆ ಹಾಸ್ಯಗಾರ ಬರುತ್ತಾನೆ.

ಕಾಕಾ ಎದ್ದು ಕೂತರು. "ನಮ್ಮ ಬನಶಂಕರಿ ಜಾತ್ರಿ ಕಂಪನಿ ನಾಟಕದಾಗೂ ಹಿಂಗ ಇರ್ತೈತಿ. ನಾಯಕ ಅಳಾಕತ್ತಾಗ ಸರಿಯಾಗಿ ಹಾಸ್ಯದಾವ ಬರ್ತಾನ."

"ಅಳುವಾಗ್ಲೇ ಬರ್ಬೇಕು" ಅಂದರು ಅಜ್ಜ. "ಇಲ್ಲಾಂದ್ರೆ ಜನ ಅಳ್ತಾ ಮನೆಗೆ ಹೋಗ್ತಾರೆ."

ಅಲ್ಲಿಂದ ಮಾತು ಫುಟ್‌ಬಾಲಿನಲ್ಲಿ ಹಾಸ್ಯದವನು ಯಾರು ಅನ್ನುವ ಕಡೆ ಹೊರಳಿತು. ರೆಫ್ರಿ ಅಂದ ಹುಬ್ಬಳ್ಳಿ ಗೆಳೆಯ. ಅಜ್ಜ ತಲೆ ಅಲ್ಲಾಡಿಸಿದರು. ರೆಫ್ರಿ ಖಳನಾಯಕ. ಹಾಸ್ಯದವನು ಸ್ಟ್ಯಾಂಡಿನಲ್ಲಿರುತ್ತಾನೆ, ಹಿಂದಿನ ಸಾಲಿನಲ್ಲಿ, ಮುಖ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ತಂಡ ಸೋಲುತ್ತಿರುವಾಗ ಅವನ ಒಂದು ಮಾತಿಗೆ ಸಾವಿರ ಜನ ನಗುತ್ತಾರೆ. ಅಜ್ಜ ಹೇಳಿದ್ದು ಅಷ್ಟು ಸರಿಯಾಗಿತ್ತು. ಕಂಠೀರವದಲ್ಲೂ ಅಂಥವನೊಬ್ಬನಿದ್ದಾನೆ. ಅವನ ಮುಖ ನಾನು ಇವತ್ತಿಗೂ ನೋಡಿಲ್ಲ.

ಕಾಕು ಪಾತ್ರೆ ಒಳಗಿಡುತ್ತಾ ಕೇಳಿದರು. "ನಿಮ್ಮ ಆ ಚೆಟ್ರಿ ನಾಳೆ ಆಡ್ತಾನೇನು? ನಲವತ್ತಾತಂತ ಅವಂಗ. ನಮ್ಮ ಮನ್ಯಾಗ ನಲವತ್ತಕ್ಕ ಸಿಲಿಂಡರ್ ಎತ್ತೂದು ಬಿಟ್ರು." ಕಾಕಾ ಉರ್ರಾಕ್ ಲೋಟ ಕೆಳಗಿಟ್ಟು ಎದ್ದುಹೋಗಿ ಖಾಲಿ ಸಿಲಿಂಡರ್ ಹೊರಗಿಟ್ಟು ಬಂದರು. ಖಾಲಿಯದ್ದನ್ನು ಎತ್ತಿದರೆ ಲೆಕ್ಕಕ್ಕಿಲ್ಲ ಅಂತ ಮಗಳು ತೀರ್ಪು ಕೊಟ್ಟಳು.

ಭಾನುವಾರ

ಅವತ್ತು ರಾಮನವಮಿ. ಬೆಳಿಗ್ಗೆ ಓಣಿಯ ಕನ್ನಡದವರೆಲ್ಲ ಒಂದು ಮನೆಯ ಅಂಗಳದಲ್ಲಿ ಸೇರಿದ್ದರು. ಬೆಲ್ಲದ ಪಾನಕ, ಕೋಸಂಬರಿ. ವಿಜಯಪುರ, ಬಾಗಲಕೋಟೆ, ಹಾವೇರಿ, ಗದಗ, ಅರ್ಧ ಉತ್ತರ ಕರ್ನಾಟಕವೇ ಅಲ್ಲಿತ್ತು. ದೊಡ್ಡವರಲ್ಲಿ ಹೆಚ್ಚಿನವರು ಬೆಂಗಳೂರು ಕಡೆ, ಹುಡುಗರೆಲ್ಲ ಗೋವಾ ಕಡೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕನ್ನಡದವರಾಗಿ ಗೋವಾ ಜೆರ್ಸಿ ಹಾಕುತ್ತೀರಲ್ಲ ಅಂತ ಈ ಹುಡುಗರನ್ನು ಚುಚ್ಚುವ ಬೆಂಗಳೂರಿಗರನ್ನು ನಾನು ನೋಡಿದ್ದೇನೆ. ಅದು ತಪ್ಪು. ಕಾಕಾನ ಮಗಳು ಹೇಳಿದ್ದು ಕೇಳಿ. "ಕಾಲೇಜಿನ್ಯಾಗ, ಬಸ್ಸಿನ್ಯಾಗ, ಎಲ್ಲಾ ಕಡೆ 'ನಿಮ್ಮ ಊರು ಯಾವುದು' ಅಂತಾರ. ವಾಸ್ಕೋ ಅಂದ್ರ 'ಅಲ್ಲ, ಮೂಲ ಯಾವುದು' ಅಂತಾರ. ಫತೋರ್ಡಾದಾಗ ಈ ಅಂಗಿ ಹಾಕ್ಕೊಂಡು ಕೂತಾಗ ಯಾರೂ ಕೇಳಂಗಿಲ್ಲ." ಅವಳು ಹುಟ್ಟಿದ ಊರಿನ ತಂಡಕ್ಕೆ ಅವಳು ಕೂಗುತ್ತಾಳೆ. ನಾವು ನಮ್ಮ ಊರಿನ ತಂಡಕ್ಕೆ ಕೂಗುವುದೂ ಅದೇ ಕಾರಣಕ್ಕೆ, ಅಲ್ವಾ? ಅವಳು ನಮ್ಮನ್ನು ಕನ್ನಡದಲ್ಲೇ ಬೈಯುತ್ತಾಳೆ. ಅದೂ ಎಂಥ ಕನ್ನಡ! ಬೆಂಗಳೂರಲ್ಲಿ ಅಂಥ ಬೈಗುಳ ಕೇಳಿ ಎಷ್ಟೋ ದಿನವಾಗಿತ್ತು.

ಮಧ್ಯಾಹ್ನ ಮಡಗಾಂವ್‌ಗೆ ಬಸ್ಸು. ಸ್ಟ್ಯಾಂಡಿನಿಂದ ಫತೋರ್ಡಾಕ್ಕೆ ಅಂಕಲ್ ಪೈಲಟ್ ಮಾಡಿಕೊಂಡರು. ಮುಂದೆ ಹಳದಿ ಮಡ್‌ಗಾರ್ಡ್ ಇರುವ ಬೈಕ್ ಟ್ಯಾಕ್ಸಿಗೆ ಗೋವಾದಲ್ಲಿ ಹಾಗೇ ಹೇಳುತ್ತಾರೆ. ನೀಲಿ ಅಂಗಿ ನೋಡಿದ ಪೈಲಟ್, "ಹೋಗೋಕೆ ಐವತ್ತು, ಸೋತ್ರೆ ವಾಪಸ್ ಫ್ರೀ" ಅಂದನಂತೆ. "ಗೆದ್ರೆ?" ಅಂತ ಅಂಕಲ್ ಕೇಳಿದ್ದಕ್ಕೆ, "ನಡ್ಕೊಂಡು ಹೋಗಿ" ಅಂದನಂತೆ.

ಫತೋರ್ಡಾ 1989ರ ಸ್ಟೇಡಿಯಂ. ಕ್ರಿಕೆಟ್ಟೂ ನಡೆದಿದೆ. 2001ರಲ್ಲಿ ಇದೇ ಏಪ್ರಿಲ್ 6ರಂದು ಭಾರತ-ಆಸ್ಟ್ರೇಲಿಯ ಒನ್‌ಡೇ ಇಲ್ಲಿತ್ತು, ಲಕ್ಷ್ಮಣ್ ಸೆಂಚುರಿ ಹೊಡೆದರು, ಆದರೂ ಆಸ್ಟ್ರೇಲಿಯ ಗೆದ್ದಿತು. ಗೋವಾದವರಿಗೆ ಇದರ ಇನ್ನೊಂದು ನೆನಪು 2015ರ ಫೈನಲ್. ತಮ್ಮದೇ ಅಂಗಳದಲ್ಲಿ ಚೆನ್ನೈಯಿನ್ ಎದುರು ಕೊನೇ ಗಳಿಗೆಯಲ್ಲಿ 3-2ರಿಂದ ಸೋತಿದ್ದು. ನಮಗೂ ಇಲ್ಲಿ ಒಂದು ಗಾಯವಿದೆ. 2023ರ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು ಪೆನಾಲ್ಟಿಯಲ್ಲಿ ಸೋತಿದ್ದು ಇದೇ ಹುಲ್ಲಿನ ಮೇಲೆ. ಎರಡೂ ಕಡೆಯವರೂ ಅತ್ತ ಜಾಗ.

ಗೇಟಿನಲ್ಲಿ ನಾವು ಬೇರೆಯಾದೆವು. ಮಗಳು ಗೋವಾ ಸ್ಟ್ಯಾಂಡಿಗೆ. ಕಾಕಾ ಬಿಳಿ ಅಂಗಿ ಹಾಕಿದ್ದರು. ಎರಡೂ ಕಡೆ ಸೇರದ ಬಣ್ಣ ಬೇಕು ಅಂತ ಹಿಂದಿನ ರಾತ್ರಿಯೇ ಇಸ್ತ್ರಿ ಮಾಡಿಸಿಕೊಂಡಿದ್ದರು. ಮಗಳ ಜೊತೆ ಹೋದರು. ನಾವು ಹೊರಗಿನ ತಂಡದವರ ಮೂಲೆಗೆ.

ಏಳೂವರೆಗೆ ಆಟ ಶುರು. ಗಾಳಿಯೇ ಇಲ್ಲ. ಕೂತಲ್ಲೇ ಬೆವರು. ಮೊದಲರ್ಧ ಗೋಲಿಲ್ಲದೆ ಮುಗಿಯಿತು. ಇಂಟರ್‌ವಲ್‌ನಲ್ಲಿ ಮಗಳ ಮೆಸೇಜು ಬಂತು. "ಅಪ್ಪ ಮೂರು ಸಲ ಚಪ್ಪಾಳೆ ತಟ್ಟಿದ. ಎರಡು ನಿಮಗ." ಅವರಪ್ಪನನ್ನು ಅವಳು ಆಟಕ್ಕಿಂತ ಗಮನ ಕೊಟ್ಟು ನೋಡುತ್ತಿದ್ದಳು ಅಂತ ಕಾಣುತ್ತದೆ.

49ನೇ ನಿಮಿಷದಲ್ಲಿ ಗೋವಾದ ಬೋರ್ಹಾ ಹೆರೆರಾ ಗೋಲು ಹೊಡೆದರು. ಫತೋರ್ಡಾದ ಸದ್ದು ಆಗ ನಮಗೆ ಗೊತ್ತಾಯಿತು. ಕಾಂಕ್ರೀಟು ಅದುರುತ್ತದೆ ಅನ್ನುವುದು ಸುಮ್ನೆ ಮಾತಲ್ಲ. ಕಾಲಿನ ಕೆಳಗಿನ ಮೆಟ್ಟಿಲಲ್ಲಿ ಇಟ್ಟಿದ್ದ ನೀರಿನ ಲೋಟ ತಾನಾಗಿ ಸರಿಯಿತು. ಆಮೇಲಿನ ನಲವತ್ತು ನಿಮಿಷ ನಮ್ಮ ಮೂಲೆಯಲ್ಲಿ ಯಾರೂ ಕೂರಲಿಲ್ಲ. ಅಂಕಲ್ ನಮ್ಮ ಗೋಲ್‌ಕೀಪರ್ ಗುರುಪ್ರೀತ್ ಹೆಸರು ಹಿಡಿದು ಜಪ ಮಾಡುತ್ತಿದ್ದರು. ಗೆಳತಿ ಗಡಿಯಾರ ನೋಡುವುದಿಲ್ಲ ಅಂತ ಹೇಳಿ ಹೇಳಿ ನೋಡುತ್ತಿದ್ದಳು. ನಮ್ಮ ಹಿಂದಿದ್ದ ಬೆಂಗಳೂರಿನ ಹುಡುಗನೊಬ್ಬ, "ಸಿಲ್ಕ್ ಬೋರ್ಡ್ ಸಿಗ್ನಲ್ ಕೂಡ ಇಷ್ಟು ನಿಧಾನ ಇಲ್ಲ ಕಣ್ರೋ!" ಅಂತ ಕೂಗಿದ. ಇಡೀ ಮೂಲೆ ನಕ್ಕಿತು. ಅಜ್ಜ ಹೇಳಿದ ಹಾಸ್ಯದವನು ಅವನೇ. ಸರಿಯಾಗಿ ಅಳುವ ಹೊತ್ತಿಗೆ ಬಂದಿದ್ದ.

88ನೇ ನಿಮಿಷ. ಅರ್ಮಾಂಡೊ ಸಾದಿಕು. ಗೋವಾ 2-0. ಎರಡು ಲೆಗ್ ಸೇರಿಸಿ 2-2. ಎಕ್ಸ್‌ಟ್ರಾ ಟೈಮ್ ಖಾತ್ರಿ ಅನಿಸಿತು. ಇಡೀ ಸ್ಟೇಡಿಯಂ ಕಿತ್ತಳೆ ಬಣ್ಣದಲ್ಲಿ ಕುಣಿಯುತ್ತಿತ್ತು. ಬುಧವಾರ ನಾವು ಗಳಿಸಿದ್ದೆಲ್ಲ ಹೋಗಿತ್ತು. ಅವರು ಅದನ್ನು ಪೂರ್ತಿ ದುಡಿದು ತಗೊಂಡಿದ್ದರು. ಆ ರಾತ್ರಿ ಗೋವಾ ನಮಗಿಂತ ಚೆನ್ನಾಗಿ ಆಡಿತು. ಅದನ್ನು ಒಪ್ಪದಿದ್ದರೆ ಮುಂದೆ ಆಗಿದ್ದು ಎಷ್ಟು ದೊಡ್ಡದು ಅಂತ ಅರ್ಥವಾಗುವುದಿಲ್ಲ.

ಇಂಜುರಿ ಟೈಮಿನ ಎರಡನೇ ನಿಮಿಷ. ನಮ್ಮ ನಾಮ್‌ಗ್ಯಾಲ್ ಭುಟಿಯಾ ಕ್ರಾಸ್ ಹಾಕಿದರು. ಚೆಂಡು ಗಾಳಿಯಲ್ಲಿದ್ದಾಗ ಅಂಕಲ್ ನನ್ನ ತೋಳು ಹಿಡಿದರು. ಸುನಿಲ್ ಚೆಟ್ರಿ ತಲೆ ಕೊಟ್ಟರು. ಬಲೆ ಅಲ್ಲಾಡಿತು. ಒಂದು ಕ್ಷಣ ಎಲ್ಲ ಕಡೆ ಮೌನ. ಆಮೇಲೆ ಸದ್ದು ಬಂದಿದ್ದು ಒಂದೇ ಮೂಲೆಯಿಂದ, ನಮ್ಮ ಮೂಲೆಯಿಂದ. ಯಾರು ಯಾರನ್ನು ಅಪ್ಪಿಕೊಂಡರು ಗೊತ್ತಿಲ್ಲ. ಗೆಳತಿ ಎರಡು ಸಾಲು ಕೆಳಗೆ ಇದ್ದಳು, ಅಲ್ಲಿಗೆ ಹೇಗೆ ಹೋದಳೋ. ಅಂಕಲ್ ಅಳುತ್ತಿದ್ದರು, ಒರೆಸಿಕೊಳ್ಳಲೂ ಇಲ್ಲ. 2024ರ ಜೂನ್‌ನಲ್ಲಿ ಭಾರತ ತಂಡಕ್ಕೆ ವಿದಾಯ ಹೇಳಿ, 2025ರ ಮಾರ್ಚ್‌ನಲ್ಲಿ ಮತ್ತೆ ಬಂದ ಮನುಷ್ಯ. ನಲವತ್ತು ವರ್ಷ. 92ನೇ ನಿಮಿಷದಲ್ಲೂ ಆ ಜಾಗಕ್ಕೆ ಓಡಿ ಹೋಗುವುದು ಅಭ್ಯಾಸವಿದ್ದವರಿಗೆ ಮಾತ್ರ ಸಾಧ್ಯ. ಗೋವಾ 2-1 ಗೆದ್ದಿತು. ನಾವು 3-2ರಿಂದ ಫೈನಲ್‌ಗೆ ಹೋದೆವು.

ಹೊರಗೆ ಬಂದಾಗ ಮಗಳು ಗೇಟಿನ ಹತ್ತಿರ ನಿಂತಿದ್ದಳು. ಕಣ್ಣು ಕೆಂಪಗಿತ್ತು. ಯಾರೂ ಏನೂ ಅನ್ನಲಿಲ್ಲ. ಸೋತ ಮೊದಲ ಅರ್ಧ ಗಂಟೆ ಯಾರನ್ನೂ ಕೆಣಕಬಾರದು. ಸ್ಟ್ಯಾಂಡಿನ ಮಾತಿಗೂ ಕಟ್ಟುಪಾಡು ಉಂಟು. ಕೊನೆಗೆ ಅವಳೇ ಬಾಯಿಬಿಟ್ಟಳು. "ಚೆಟ್ರಿನೂ ಗೋವಾದಾವ ಇದ್ದಂಗ. 2013ರಾಗ ಚರ್ಚಿಲ್‌ಗೆ ಆಡಿ ಐ-ಲೀಗ್ ಗೆದ್ದು ಕೊಟ್ಟಾನ. ನಮ್ಮವ್ರ ಗೋಲ್ ಹೊಡದ್ರ ನಮಗ ಬ್ಯಾಸರಿಲ್ಲ."

"ಜಿಂಗನ್ ನಮ್ಮಾವ, ಚೆಟ್ರಿ ನಿಮ್ಮಾವ" ಅಂದ ಹುಬ್ಬಳ್ಳಿ ಗೆಳೆಯ. "ಹಂಗಾರ ಲೆಕ್ಕ ಸರಿ ಆತು."

ಅವಳು ಅವನ ಬೆನ್ನಿಗೆ ಗುದ್ದಿದಳು. ಅಲ್ಲಿಗೆ ಅರ್ಧ ಗಂಟೆ ಮುಗಿಯಿತು. ರಾತ್ರಿ ವಾಸ್ಕೋಗೆ ಬಸ್ಸು ಸಿಗುವುದು ಕಷ್ಟ. ಕಾಕಾನ ಪರಿಚಯದವರ ಟೆಂಪೊದಲ್ಲಿ ನೀಲಿ, ಕಿತ್ತಳೆ ಎಲ್ಲ ಒಟ್ಟಿಗೇ ತುಂಬಿಕೊಂಡೆವು. ವೆರ್ಣಾ ದಾಟುವವರೆಗೂ ಕಾಕಾ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ನಾ ಗೋಲಾದಾಗ ಎದ್ದು ನಿಂತಿದ್ದೆ. ಸುತ್ತ ಎಲ್ಲಾ ಕೂತಿದ್ರು. ಕಾಲು ನೋವು ಅಂತ ಹೇಳ್ದೆ" ಅಂದರು. ಟೆಂಪೊದಲ್ಲಿ ಮಗಳೂ ಸೇರಿ ಎಲ್ಲರೂ ನಕ್ಕಿದ್ದು ಆಗಲೇ.

ಸೋಮವಾರ

ವಾಪಸ್ ರೈಲು ರಾತ್ರಿ ಇತ್ತು. ಹಗಲು ಪೂರ್ತಿ ಕಾಕಾನ ಗ್ಯಾರೇಜ್ ಪಕ್ಕದ ಸಲೂನಿನಲ್ಲಿ ಕಳೆಯಿತು. ಕಟಿಂಗ್ ಮಾಡುವವರು ವಿಜಯಪುರದವರು. ಬೆಂಚಿನ ಮೇಲೆ ಬಾಗಲಕೋಟೆಯ ಗೌಂಡಿ, ಮೀನು ಮಾರ್ಕೆಟ್ಟಿನ ಗೋವಾದವರಿಬ್ಬರು, ಒಡಿಶಾದ ಹುಡುಗ. ನನಗೆ ಇಡೀ ಪ್ರವಾಸದಲ್ಲಿ ತುಂಬಾ ಇಷ್ಟವಾದ ಹೊತ್ತು ಇದೇ.

ಚೆಟ್ರಿ ಆಫ್‌ಸೈಡ್ ಇದ್ದರು ಅಂತ ಮೀನಿನವರ ವಾದ. ವಿಎಆರ್, ಅಂದರೆ ವಿಡಿಯೊ ನೋಡಿ ತೀರ್ಪು ಕೊಡುವ ವ್ಯವಸ್ಥೆ, ಆಗ ಐಎಸ್‌ಎಲ್‌ನಲ್ಲಿ ಇರಲಿಲ್ಲ, ಹಾಗಾಗಿ ಇಂಥ ವಾದಕ್ಕೆ ಕೊನೆಯೂ ಇರಲಿಲ್ಲ. ಸಲೂನಿನವರು ಗೌಂಡಿಯ ಕುತ್ತಿಗೆಯ ಹಿಂದೆ ಕೈಗನ್ನಡಿ ಹಿಡಿದು, "ಇಲ್ಲಿ ಐತಿ ನೋಡ್ರಿ ವಿಎಆರ್. ಮುಂದಿನ ಕನ್ನಡಿ ಒಂದು ಆಂಗಲ್, ಹಿಂದಿಂದು ಒಂದು ಆಂಗಲ್. ಆಫ್‌ಸೈಡ್ ಎಲ್ಲೈತಿ?" ಅಂದರು. ಗೌಂಡಿ ಕನ್ನಡಿಯಲ್ಲಿ ನೋಡಿಕೊಂಡು ಗಂಭೀರವಾಗಿ ಹೇಳಿದರು. "ಆಫ್‌ಸೈಡ್ ಇಲ್ಲ. ಎಡಗಡೆ ಜಾಸ್ತಿ ಕತ್ತರಿಸೀರಿ, ಪೆನಾಲ್ಟಿ."

ಅಲ್ಲಿಂದ ಮಾತು ಬಾಡಿಗೆಗೆ ಹೋಯಿತು. ಆಮೇಲೆ ಮಕ್ಕಳ ಶಾಲೆ ಫೀಸಿಗೆ, ಊರಿನ ಮದುವೆಗೆ ರಜೆ ಕೊಡದ ಮೇಸ್ತ್ರಿಗೆ. ನಡುನಡುವೆ ಸಾದಿಕು, ನಡುನಡುವೆ ಗುರುಪ್ರೀತ್. ಗೌಂಡಿ ಭಾನುವಾರವೂ ಕೆಲಸ ಮಾಡಿ, ಕಟ್ಟುತ್ತಿದ್ದ ಮನೆಯ ಎರಡನೇ ಮಹಡಿಯ ಸೆಂಟ್ರಿಂಗ್ ಮೇಲೆ ಕೂತು ಫೋನಿನಲ್ಲಿ ಮ್ಯಾಚು ನೋಡಿದ್ದರು. 88ನೇ ನಿಮಿಷಕ್ಕೆ ಚಾರ್ಜ್ ಹೋಯಿತು. ಎಕ್ಸ್‌ಟ್ರಾ ಟೈಮಿಗೆ ಹೋಗಿರಬೇಕು ಅಂದುಕೊಂಡೇ ಮಲಗಿದ್ದಾರೆ. ಚೆಟ್ರಿ ಗೋಲಿನ ಸುದ್ದಿ ಅವರಿಗೆ ಗೊತ್ತಾಗಿದ್ದು ಬೆಳಿಗ್ಗೆ ಹಾಲಿನ ಅಂಗಡಿಯಲ್ಲಿ. ಇದನ್ನು ಅವರು ಹೇಳುವಾಗ ಮೀನಿನವರೂ "ಛೇ" ಅಂದರು. ಒಡಿಶಾದ ಹುಡುಗ ತಕ್ಷಣ ತನ್ನ ಫೋನಿನಲ್ಲಿ ಗೋಲು ತೋರಿಸಿದ. ಗೌಂಡಿ ಬಟ್ಟೆ ಹೊದ್ದುಕೊಂಡೇ, ಅರ್ಧ ಕಟಿಂಗ್‌ನಲ್ಲೇ, ಮತ್ತೆ ಮತ್ತೆ ನೋಡಿದರು. ಕತ್ತರಿ ನಿಂತಿತ್ತು. ಯಾರೂ ಅವಸರ ಮಾಡಲಿಲ್ಲ.

ರಾತ್ರಿ ಸ್ಟೇಷನ್ನಿಗೆ ಎಲ್ಲರೂ ಬಂದರು. ಕಾಕು ರೊಟ್ಟಿ ಬುತ್ತಿ ಕಟ್ಟಿಕೊಟ್ಟರು. ಮಗಳು ಫೈನಲ್‌ನಲ್ಲಿ ಯಾರ ಕಡೆ ಅಂತ ಗೆಳತಿ ಕೇಳಿದಳು. "ಮೋಹನ್ ಬಾಗಾನ್ ಕಡೆ" ಅಂದಳು ಥಟ್ಟನೆ.

ಆಮೇಲೆ

ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಫೈನಲ್. ಮೋಹನ್ ಬಾಗಾನ್ ಎದುರು ನಾವು ಸೋತೆವು. ಅವರದೇ ಓನ್ ಗೋಲಿಂದ ಲೀಡ್ ಸಿಕ್ಕಿತ್ತು. ಕಮಿಂಗ್ಸ್ ಪೆನಾಲ್ಟಿಯಲ್ಲಿ ಸಮ ಮಾಡಿದರು, ಎಕ್ಸ್‌ಟ್ರಾ ಟೈಮಿನಲ್ಲಿ ಮೆಕ್ಲಾರೆನ್ ಹೊಡೆದರು. 2-1. ವಾಸ್ಕೋದಿಂದ ಫೋನು ಬರುತ್ತದೆ ಅಂತ ಕಾದೆವು. ಬರಲಿಲ್ಲ. ಸರಿಯಾಗಿ ಅರ್ಧ ಗಂಟೆ ಬಿಟ್ಟು ಬಂತು.

ಮೇ 3ರಂದು ಭುವನೇಶ್ವರದಲ್ಲಿ ಗೋವಾ ಜಮ್ಶೆಡ್‌ಪುರವನ್ನು 3-0ಯಿಂದ ಸೋಲಿಸಿ ಸೂಪರ್ ಕಪ್ ಗೆದ್ದಿತು. ಈ ಸಲ ನಾವೇ ಫೋನು ಮಾಡಿದೆವು, ಸ್ಪೀಕರ್ ಹಾಕಿ, ನಾಲ್ಕೂ ಜನ ಸೇರಿ ಅಭಿನಂದನೆ ಹೇಳಿದೆವು. ಎತ್ತಿದ್ದು ಕಾಕು.

"ಅಪ್ಪ ಮಗಳು ಇಬ್ರೂ ಓಣ್ಯಾಗ ಕುಣ್ಯಾಕ ಹೋಗ್ಯಾರ" ಅಂದರು. "ನೀವು ಮುಂದಿನ ಸಲ ಬರೂ ಮುಂದ ಹುಬ್ಬಳ್ಳಿಯಿಂದ ಐದು ಕಿಲೊ ಜ್ವಾಳದ ಹಿಟ್ಟು ತರ್ರಿ. ಇಲ್ಲಿ ಸಿಗೂದು ತಟ್ಟಿದ್ರ ಹರೀತೈತಿ."